ಬಾಯ್ಲರಿನ ಹೊಗೆ ಎಲ್ಲಿಗೆ ಹೋಯಿತು?

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಹೆಚ್ಚು ತಿದ್ದದೆ ಕೊಟ್ಟಿದೆ.)



ಇಂದು ನನಗೆ ಕೊಟ್ಟಿರುವ ವಿಷಯ ಭೂಮಿಯ ಕಾವು. “ಅದನ್ನು ಭಾಷಣ ಮಾಡಿ ತಿಳಿಸಬೇಕೆ? ಬೆನ್ನ ಮೇಲಿನ ಬೆವರೇ ಹೇಳುತ್ತಿದೆ” ಎಂದು ಹಿಂದಿನ ಬೆಂಚಿನ ಮಿತ್ರರೊಬ್ಬರು ಆಗಲೇ ಹೇಳಿಬಿಟ್ಟರು. ಅವರ ಮಾತು ಸರಿಯೇ. ಕಾವು ಹೆಚ್ಚಿದೆಯೆಂದು ತಿಳಿಸಲು ನಾನು ಬಂದವನಲ್ಲ. ಅದು ಎಲ್ಲಿಂದ ಬಂತು, ಅದನ್ನು ಯಾರ ಹೆಸರಿನ ಖಾತೆಗೆ ಬರೆಯಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳುತ್ತೇನೆ.

ನನ್ನ ತಂದೆ ಗಿರಣಿಯ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಕೆಲಸದಲ್ಲಿದ್ದವರು. ಹುಡುಗನಾಗಿದ್ದಾಗ ಅವರಿಗೆ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ. ಒಂದು ದಿನ ನನಗೊಂದು ಸಂಶಯ ಬಂದಿತು. ದಿನವೂ ಗಾಡಿಗಟ್ಟಲೆ ಕಲ್ಲಿದ್ದಲು ಒಳಗೆ ಹೋಗುತ್ತದೆ, ಹೊರಗೆ ಬರುವುದು ಕೆಲವು ಪುಟ್ಟಿ ಬೂದಿ ಮಾತ್ರ. ಉಳಿದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ತಂದೆ ಚಿಮಣಿಯ ಕಡೆ ಗದ್ದ ಎತ್ತಿ ತೋರಿಸಿದರು. “ಮೇಲೆ ಎಲ್ಲಿಗೆ?” ಎಂದೆ. “ಮೇಲಕ್ಕೆ ಹೋದದ್ದು ಹೋಯಿತು, ಬುತ್ತಿ ಬಿಚ್ಚು” ಎಂದರು. ಮೇಲಕ್ಕೆ ಹೋದದ್ದು ಹೋಯಿತೆಂದೇ ಆ ಕಾಲದಲ್ಲಿ ಎಲ್ಲರೂ ನಂಬಿದ್ದರು, ದೊಡ್ಡ ದೊಡ್ಡ ಇಂಜಿನಿಯರುಗಳೂ ಸಹ. ಆದರೆ ಅದು ಹೋಗಿರಲಿಲ್ಲ.

ಮೊದಲು ತಕ್ಕಡಿಯ ಲೆಕ್ಕ ನೋಡೋಣ. ಇಲ್ಲಿ ತೂಕ ಬಲ್ಲ ವ್ಯಾಪಾರಿಗಳಿದ್ದಾರೆ. ಕಲ್ಲಿದ್ದಲಿನ ಮುಖ್ಯ ಸರಕು ಇಂಗಾಲ. ಸುಡುವುದೆಂದರೆ ಇಂಗಾಲವು ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಂಡು ಬೇರೊಂದು ವಾಯುವಾಗುವುದು. ೧೨ ಸೇರು ಇಂಗಾಲ ೩೨ ಸೇರು ಆಮ್ಲಜನಕವನ್ನು ಕಟ್ಟಿಕೊಂಡು ೪೪ ಸೇರು ಹೊಸ ವಾಯುವಾಗುತ್ತದೆ. ಅಂದರೆ ಒಂದು ಟನ್ನು ಇಂಗಾಲ ಸುಟ್ಟರೆ ಚಿಮಣಿಯಿಂದ ಮೂರೂವರೆ ಟನ್ನಿಗೂ ಹೆಚ್ಚು ಹೊರಬೀಳುತ್ತದೆ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಭಾರ! ಈ ವಾಯುವಿಗೆ ನಾವು ಶಾಲೆಯಲ್ಲಿ ಓದುವಾಗ ಇಂಗಾಲಾಮ್ಲ ವಾಯು ಎಂಬ ಹೆಸರಿತ್ತು, ಈಗ ಕಾರ್ಬನ್ ಡೈಆಕ್ಸೈಡ್ ಎನ್ನುತ್ತಾರೆ. ಸೋಡಾ ಬಾಟಲಿ ತೆರೆದಾಗ ಬುಸ್ಸೆಂದು ಬರುವುದೂ ಇದೇ. ಇದಕ್ಕೆ ಬಣ್ಣವಿಲ್ಲ. ಚಿಮಣಿಯಿಂದ ಕಪ್ಪಗೆ ಕಾಣುತ್ತಿದ್ದದ್ದು ಮಸಿ. ಅದು ಕೆಲವು ದಿನಗಳಲ್ಲಿ ಮನೆಗಳ ಹೆಂಚಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ನಮ್ಮ ಎದೆಯೊಳಗೆ ಕೂತುಬಿಡುತ್ತದೆ. ಕಾಣುವುದು ಬೇಗ ಇಳಿಯಿತು, ಕಾಣದ್ದು ಮೇಲೆಯೇ ಉಳಿಯಿತು.

ಉಳಿದು ಏನು ಮಾಡುತ್ತದೆ? ಬಾಯ್ಲರಿನ ಬಾಗಿಲು ಮುಚ್ಚಿದ ಮೇಲೆ ಬೆಂಕಿ ಕಾಣುವುದಿಲ್ಲ. ಆದರೂ ಎದುರಿಗೆ ನಿಂತವನ ಮುಖಕ್ಕೆ ಝಳ ಹೊಡೆಯುತ್ತದೆ. ಆ ಝಳವೂ ಒಂದು ಬಗೆಯ ಕಿರಣವೇ, ಕಣ್ಣಿಗೆ ಕಾಣದಷ್ಟೆ. ಸೂರ್ಯನ ಬೆಳಕು ಗಾಳಿಯನ್ನು ದಾಟಿ ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಈ ಝಳವನ್ನು ಮೇಲಕ್ಕೆ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ೯೯ ಪಾಲು ಇರುವ ಸಾರಜನಕ, ಆಮ್ಲಜನಕಗಳು ಝಳವನ್ನು ತಡೆಯುವುದಿಲ್ಲ. ನೀರಾವಿಯೂ ಇಂಗಾಲಾಮ್ಲವೂ ತಡೆಯುತ್ತವೆ. ಹೀರಿಕೊಂಡು, ಒಂದು ಭಾಗವನ್ನು ಮತ್ತೆ ಕೆಳಗೆ ಹೊರಳಿಸುತ್ತವೆ. ಕಂಬಳಿ ತಾನಾಗಿ ಬಿಸಿಯಲ್ಲ. ಹೊದ್ದವನ ಮೈಶಾಖವನ್ನು ಹೊರಗೆ ಬಿಡದೆ ಹಿಡಿಯುತ್ತದೆ, ಅಷ್ಟೆ. ಇದೂ ಹಾಗೆಯೇ. ಪುಸ್ತಕದವರು ಇವಕ್ಕೆ ಹಸಿರುಮನೆ ಅನಿಲಗಳೆಂದು ಹೆಸರಿಟ್ಟಿದ್ದಾರೆ. ನನಗೆ ಕೇಳಿದರೆ ಕುರುಬರ ಕಂಬಳಿಯ ಹೋಲಿಕೆಯೇ ಹೆಚ್ಚು ಸರಿ, ಏಕೆಂದರೆ ಗಾಜಿನ ಮನೆ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಗೆ ಹೋಗದಿರುವುದರಿಂದ.

ಈ ಕಂಬಳಿ ಕೆಟ್ಟದ್ದೆಂದು ತಿಳಿಯಬೇಡಿ. ಇದು ಇಲ್ಲದಿದ್ದರೆ ಭೂಮಿಯ ಸರಾಸರಿ ಶಾಖ ಸೊನ್ನೆಗಿಂತ ೧೮ ಡಿಗ್ರಿ ಕೆಳಗಿರುತ್ತಿತ್ತು. ಇರುವುದರಿಂದ ಸುಮಾರು ೧೫ ಡಿಗ್ರಿ ಇದೆ. ಕಷ್ಟ ಬಂದಿರುವುದು ಒಂದರ ಮೇಲೊಂದು ಹೊದಿಸುತ್ತ ಹೋಗಿರುವುದರಿಂದ.

ಈ ಸಂಗತಿಯನ್ನು ಮೊದಲು ಕಂಡವರಲ್ಲಿ ಒಬ್ಬ ಹೆಂಗಸು ಎಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರು ಗಮನಿಸಬೇಕು. ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯು ತುಂಬಿ, ಉಷ್ಣಮಾಪಕ ಇಟ್ಟು, ಬಿಸಿಲಿನಲ್ಲಿರಿಸಿ ನೋಡಿದರು. ಇಂಗಾಲಾಮ್ಲದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾದಿತು. ನೆರಳಿಗೆ ತಂದ ಮೇಲೆಯೂ ಬಹಳ ಹೊತ್ತು ಆರಲಿಲ್ಲ. ಗಾಳಿಯಲ್ಲಿ ಈ ವಾಯು ಹೆಚ್ಚಿದ ಕಾಲವಿದ್ದರೆ ಆಗ ಭೂಮಿಯೂ ಹೆಚ್ಚು ಕಾದಿರಬೇಕೆಂದು ಅವರು ಬರೆದರು. ಇದು ೧೮೫೬ರಲ್ಲಿ, ನಮ್ಮಲ್ಲಿ ಸಿಪಾಯಿ ದಂಗೆ ಆಗುವ ಹಿಂದಿನ ವರ್ಷ. ವಿದ್ವಾಂಸರ ಸಭೆಯಲ್ಲಿ ಅವರ ಪ್ರಬಂಧವನ್ನು ಓದಿದವರು ಒಬ್ಬ ಗಂಡಸು. ಎಂಟು ವರ್ಷ ಮುಂಚೆ, ೧೮೪೮ರಲ್ಲಿ, ಸೆನೆಕಾ ಫಾಲ್ಸ್ ಎಂಬಲ್ಲಿ ನಡೆದ ಸ್ತ್ರೀ ಹಕ್ಕುಗಳ ಸಮಾವೇಶದ ಘೋಷಣೆಗೂ ಈಕೆ ಸಹಿ ಹಾಕಿದ್ದರು. ಮುಂದೆ ನೂರೈವತ್ತು ವರ್ಷ ಅವರನ್ನು ಹೆಚ್ಚುಕಡಿಮೆ ಎಲ್ಲರೂ ಮರೆತಿದ್ದರು. ೧೮೫೯ರಲ್ಲಿ ಲಂಡನ್ನಿನ ಜಾನ್ ಟಿಂಡಲ್ ಹೆಚ್ಚು ನಿಖರವಾದ ಯಂತ್ರ ಕಟ್ಟಿ, ಬಿಸಿಲಿನ ಬೆಳಕನ್ನು ಬಿಟ್ಟು ಬರೇ ಝಳವನ್ನೇ ಅಳೆದು, ಯಾವ ವಾಯು ತಡೆಯುತ್ತದೆ ಯಾವುದು ತಡೆಯುವುದಿಲ್ಲ ಎಂಬುದನ್ನು ನಿರ್ಧರಿಸಿದರು.

“ಈ ಇಂಗಾಲಾಮ್ಲ ಗಾಳಿಯಲ್ಲಿರುವುದು ಹತ್ತು ಸಾವಿರಕ್ಕೆ ನಾಲ್ಕು ಪಾಲು. ಇಷ್ಟರಿಂದ ಏನಾದೀತು?” ಎಂದು ಹೋದ ವಾರ ಅಂಗಡಿಯಲ್ಲಿ ಒಬ್ಬರು ನನ್ನನ್ನು ಕೇಳಿದರು. ಬಣ್ಣದ ಖಾತೆಯಲ್ಲಿ ದುಡಿಯುವವರು ಉತ್ತರ ಹೇಳಬೇಕು. ಒಂದು ಬಾನಿ ನೀರಿಗೆ ಎಷ್ಟು ನೀಲಿ ಹಾಕುತ್ತೀರಿ? ಒಂದು ಚಿಟಿಕೆ. ಬಾನಿಯ ನೀರೆಲ್ಲ ನೀಲಿಯಾಗುವುದಿಲ್ಲವೆ? ನೀರು ಎಷ್ಟಿದ್ದರೂ ಅದು ಬೆಳಕನ್ನು ಬಿಟ್ಟುಕೊಡುತ್ತದೆ, ತಡೆಯುವುದು ನೀಲಿಯೇ. “ನೀರಾವಿ ಇದಕ್ಕಿಂತ ಹೆಚ್ಚು ತಡೆಯುತ್ತದೆಯಲ್ಲ?” ಎಂಬುದು ಅವರ ಎರಡನೆಯ ಪ್ರಶ್ನೆ. ನಿಜ. ಆದರೆ ನೀರಾವಿ ಹತ್ತು ದಿನದೊಳಗೆ ಮಳೆಯಾಗಿ ಇಳಿದುಬಿಡುತ್ತದೆ. ಇಂಗಾಲಾಮ್ಲ ಇಳಿಯುವುದಿಲ್ಲ. ಅದು ಕಾವು ಹೆಚ್ಚಿಸುತ್ತದೆ, ಕಾವು ಹೆಚ್ಚಿದ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಆ ನೀರಾವಿ ಮತ್ತಷ್ಟು ಝಳ ತಡೆಯುತ್ತದೆ. ಅಸಲಿನ ಮೇಲೆ ಬಡ್ಡಿ ಬೆಳೆಯುವ ಬಗೆ ಇದು.

ಲೆಕ್ಕ ಹಾಕಿದ ಮೊದಲಿಗರು ಸ್ವೀಡನ್ನಿನ ಅರೇನಿಯಸ್. ೧೮೯೬ರಲ್ಲಿ, ಗಾಳಿಯ ಇಂಗಾಲಾಮ್ಲ ಎರಡರಷ್ಟಾದರೆ ಭೂಮಿ ಐದಾರು ಡಿಗ್ರಿ ಕಾಯುವುದೆಂದು ಅವರು ಕೈಯಲ್ಲೇ ಗುಣಿಸಿ ಕಂಡುಹಿಡಿದರು. ಅಂಕಿ ಸ್ವಲ್ಪ ಹೆಚ್ಚಾಯಿತು. ಇಂದಿನ ಲೆಕ್ಕ ಸುಮಾರು ಮೂರು ಡಿಗ್ರಿ. ಹಾಗಾಗಲು ಸಾವಿರಾರು ವರ್ಷ ಬೇಕೆಂದುಕೊಂಡಿದ್ದರು ಅವರು, ಆದರೆ ಚಳಿದೇಶದವರಲ್ಲವೆ, ಕಾವು ಹೆಚ್ಚಿದರೆ ಒಳ್ಳೆಯದೇ ಎಂದೂ ಬರೆದರು.

ನನಗೆ ಹೆಚ್ಚು ಪ್ರೀತಿ ಇವರ ನಂತರದ ಮನುಷ್ಯನ ಮೇಲೆ. ಗೈ ಕ್ಯಾಲೆಂಡರ್ ಎಂದು ಹೆಸರು, ಇಂಗ್ಲೆಂಡಿನವರು. ಹವಾಮಾನ ಶಾಸ್ತ್ರಜ್ಞರಲ್ಲ, ಹಬೆಯ ಇಂಜಿನಿಯರು! ನಮ್ಮ ಬಾಯ್ಲರ್ ಮನೆಯ ಬಳಗದವರೆಂದೇ ಹೇಳಬೇಕು. ಬಿಡುವಿನ ವೇಳೆಯಲ್ಲಿ ಲೋಕದ ಸುಮಾರು ೧೫೦ ಹವಾಮಾನ ಠಾಣೆಗಳ ಹಳೆಯ ದಾಖಲೆಗಳನ್ನು ಕೂಡಿಹಾಕಿ, ಹಿಂದಿನ ಐವತ್ತು ವರ್ಷಗಳಲ್ಲಿ ಭೂಮಿ ನಿಜವಾಗಿಯೂ ಕಾದಿದೆ, ಸುಟ್ಟ ಕಲ್ಲಿದ್ದಲೇ ಅದಕ್ಕೆ ಕಾರಣ ಎಂದು ೧೯೩೮ರಲ್ಲಿ ಲಂಡನ್ನಿನ ಹವಾಮಾನ ಸಂಘದ ಮುಂದೆ ಇಟ್ಟರು. ದೊಡ್ಡ ಪಂಡಿತರು ತಲೆಯಾಡಿಸಿ, ಇದು ಆಕಸ್ಮಿಕವಿರಬಹುದು ಎಂದರು. ಸಮುದ್ರ ಅಷ್ಟನ್ನೂ ಕುಡಿದುಬಿಡುತ್ತದೆಂಬುದು ಆ ಕಾಲದ ನಂಬಿಕೆ. ಇವರೂ ಕಾವು ಹೆಚ್ಚುವುದನ್ನು ಶುಭವೆಂದೇ ಎಣಿಸಿದ್ದರು, ಅದು ಬೇರೆ ಮಾತು.

ಜಗಳ ತೀರಬೇಕಾದರೆ ಅಳೆಯಬೇಕು. ಚಾರ್ಲ್ಸ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ ೧೯೫೮ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಎಂಬ ಎತ್ತರದ ಬೆಟ್ಟದ ಮೇಲೆ ಯಂತ್ರವಿಟ್ಟರು. ಊರ ಹೊಗೆ ತಗಲದ, ನಡುಸಮುದ್ರದ ಶುದ್ಧಗಾಳಿ ಅದು. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು ೩೧೫ ಪಾಲು ಇಂಗಾಲಾಮ್ಲವಿತ್ತು. ಮರುವರ್ಷ ಹೆಚ್ಚು, ಅದರ ಮರುವರ್ಷ ಇನ್ನೂ ಹೆಚ್ಚು. ೧೯೬೪ರಲ್ಲಿ ಹಣ ಸಾಲದೆ ಕೆಲವು ತಿಂಗಳು ಅಳತೆ ನಿಂತುಹೋಗಿತ್ತು. ಆ ಮನುಷ್ಯ ಹಠ ಬಿಡಲಿಲ್ಲ. ೨೦೦೫ರಲ್ಲಿ ಅವರು ತೀರಿಕೊಂಡರು, ಅಳತೆಯನ್ನು ಮಗ ಮುಂದುವರಿಸಿದರು. ೨೦೨೪ರ ಸರಾಸರಿ ೪೨೪ಕ್ಕೂ ಮೇಲೆ. ಗಿರಣಿಗಳಿಗೆ ಮುಂಚೆ ಎಷ್ಟಿತ್ತು? ೨೮೦. ದಕ್ಷಿಣಧ್ರುವದ ಹಿಮದೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳಿಂದ ಇದು ತಿಳಿಯಿತು. ಎಂಟು ಲಕ್ಷ ವರ್ಷಗಳ ಗಾಳಿ ಅಲ್ಲಿ ಸಿಕ್ಕಿದೆ, ಅಷ್ಟು ಕಾಲದಲ್ಲಿ ಒಮ್ಮೆಯೂ ೩೦೦ನ್ನು ದಾಟಿರಲಿಲ್ಲ.

ಇದು ಕಲ್ಲಿದ್ದಲಿನದೇ ಎಂದು ಹೇಗೆ ಗೊತ್ತು? ತುಪ್ಪಕ್ಕೆ ಕಲಬೆರಕೆ ಮಾಡಿದರೆ ಪರೀಕ್ಷೆ ಇರುವಂತೆ ಇದಕ್ಕೂ ಒಂದು ಪರೀಕ್ಷೆಯುಂಟು. ಜೀವವಿರುವ ಮರಗಿಡಗಳ ಇಂಗಾಲದಲ್ಲಿ ವಿಕಿರಣ ಸೂಸುವ ಒಂದು ಬಗೆ ಬಹಳ ಸ್ವಲ್ಪ ಇರುತ್ತದೆ. ಕೋಟಿಗಟ್ಟಲೆ ವರ್ಷ ಮಣ್ಣಿನಡಿ ಬಿದ್ದಿದ್ದ ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಅಳಿದುಹೋಗಿರುತ್ತದೆ. ಗಾಳಿಗೆ ಹಳೆಯ ಇಂಗಾಲ ಸೇರಿದಷ್ಟೂ ಈ ಬಗೆ ತೆಳುವಾಗಬೇಕು. ೧೯೫೫ರಲ್ಲಿ ಹಾನ್ಸ್ ಸ್ಯೂಸ್ ಎಂಬವರು ಮರದ ಉಂಗುರಗಳನ್ನು ಪರೀಕ್ಷಿಸಿ, ಅದು ತೆಳುವಾಗಿರುವುದನ್ನು ಕಂಡರು. ಸೂರ್ಯನೇ ಹೆಚ್ಚು ಉರಿಯುತ್ತಿರಬಹುದಲ್ಲ ಎನ್ನುವವರಿಗೂ ಉತ್ತರವಿದೆ. ಸೂರ್ಯ ಕಾರಣವಾಗಿದ್ದರೆ ಆಕಾಶದ ಮೇಲಿನ ಪದರವೂ ಕಾಯಬೇಕಿತ್ತು. ಕೆಳಗೆ ಕಾಯುತ್ತಿದೆ, ಮೇಲೆ ತಣಿಯುತ್ತಿದೆ. ಕಂಬಳಿಯ ಹೊರಮೈ ತಣ್ಣಗಿರುವುದನ್ನು ಹೊದ್ದು ಮಲಗಿದ ಯಾರೂ ಬಲ್ಲರು.

ನಾನು ತಂದೆಯನ್ನು ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಚಿಮಣಿಯಿಂದ ಹೋದದ್ದರಲ್ಲಿ ಸುಮಾರು ಅರ್ಧ ಗಾಳಿಯಲ್ಲೇ ಇದೆ. ಕಾಲು ಭಾಗದಷ್ಟು ಸಮುದ್ರ ಕುಡಿದು ತಾನು ಹುಳಿಯಾಗುತ್ತಿದೆ. ಉಳಿದದ್ದನ್ನು ಮರಗಿಡ, ಮಣ್ಣು ಹಿಡಿದಿವೆ. ಗಾಳಿಯಲ್ಲಿ ಉಳಿದ ಪಾಲು ನೂರಾರು ವರ್ಷ ಕದಲುವುದಿಲ್ಲ. ಸ್ವಲ್ಪ ಭಾಗ ಸಾವಿರಾರು ವರ್ಷವೂ ಇರುತ್ತದೆ. ಇಂದು ನಮ್ಮ ಬೆನ್ನನ್ನು ಸುಡುತ್ತಿರುವ ಕಾವಿನಲ್ಲಿ ನಮ್ಮ ತಾತನ ಕಾಲದ ಮ್ಯಾಂಚೆಸ್ಟರ್ ಚಿಮಣಿಗಳ ಪಾಲೂ ಉಂಟು. ದಿನವಹಿ ಬರೆದು ವರ್ಷದ ಕೊನೆಗೆ ಹರಿದೆಸೆಯುವ ಚೀಟಿಯಲ್ಲ ಇದು, ತಲೆಮಾರಿನಿಂದ ತಲೆಮಾರಿಗೆ ಮುಂದೊಯ್ಯುವ ಬಾಕಿಯ ಪುಸ್ತಕ. ಹಸುಗಳಿಂದ, ನೀರು ನಿಂತ ಗದ್ದೆಗಳಿಂದ, ಗಣಿ ಮತ್ತು ಅನಿಲದ ಕೊಳವೆಗಳ ಸೋರಿಕೆಯಿಂದ ಬರುವ ಮೀಥೇನ್ ಇನ್ನೂ ಬಿರುಸು. ಆದರೆ ಅದು ಹನ್ನೆರಡು ವರ್ಷದಷ್ಟರಲ್ಲಿ ಕರಗುತ್ತದೆ. ಇಂಗಾಲಾಮ್ಲದ ಸ್ವಭಾವ ಬೇರೆ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕಾಗಿದೆ. ಈ ಪುಸ್ತಕದ ಮೊದಲ ಪುಟ ಎಲ್ಲಿ ಬರೆಯಲ್ಪಟ್ಟಿತು? ನಮ್ಮಂಥದೇ ಜಾಗದಲ್ಲಿ, ಹತ್ತಿಯ ಗಿರಣಿಯಲ್ಲಿ. ಇಂಗ್ಲೆಂಡಿನ ಮೊದಲ ನೂಲಿನ ಗಿರಣಿಗಳು ಕಲ್ಲಿದ್ದಲಿನಿಂದ ನಡೆದವಲ್ಲ, ಹೊಳೆಯ ನೀರಿನಿಂದ ನಡೆದವು. ನೀರು ಅಗ್ಗ. ಹಾಗಿದ್ದರೂ ೧೮೨೦-೩೦ರ ಆಚೆಗೆ ಮಾಲೀಕರು ಅಗ್ಗದ ನೀರನ್ನು ಬಿಟ್ಟು ದುಬಾರಿ ಹಬೆಗೆ ಹೋದರು. ಏಕೆ? ಸ್ವೀಡನ್ನಿನ ಇತಿಹಾಸಕಾರ ಆಂಡ್ರಿಯಾಸ್ ಮಾಲ್ಮ್ ೨೦೧೬ರಲ್ಲಿ ಇದರ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಹೊರತಂದರು. ಅವರ ವಾದ ಹೀಗಿದೆ: ನೀರು ಹಳ್ಳಿಯ ಕಣಿವೆಯಲ್ಲಿತ್ತು, ಅಲ್ಲಿಗೆ ಕೂಲಿಯವರನ್ನು ಕರೆಸಬೇಕು, ಮನೆ ಕಟ್ಟಿಕೊಡಬೇಕು, ಅವರು ಬಿಟ್ಟುಹೋದರೆ ಬೇರೆಯವರು ಸಿಗರು. ಪಟ್ಟಣದಲ್ಲಾದರೋ ಹಸಿದ ಜನ ಗೇಟಿನ ಹೊರಗೆ ಕಾದಿರುತ್ತಾರೆ. ಕಲ್ಲಿದ್ದಲನ್ನು ಗಾಡಿಯಲ್ಲಿ ಪಟ್ಟಣಕ್ಕೆ ತರಬಹುದು, ಹೊಳೆಯನ್ನು ತರಲಾಗದು. ಜೊತೆಗೆ, ಹೊಳೆ ಬತ್ತಿದ ದಿನಗಳ ನಷ್ಟವನ್ನು ಉಳಿದ ದಿನ ಹೆಚ್ಚು ಹೊತ್ತು ದುಡಿಸಿ ತುಂಬಿಕೊಳ್ಳುತ್ತಿದ್ದರು. ದುಡಿಮೆಯ ಗಂಟೆಗೆ ಕಾನೂನು ಮಿತಿ ಹಾಕಿದ ಮೇಲೆ ಆ ದಾರಿಯೂ ಮುಚ್ಚಿತು. ಈ ವಾದವನ್ನು ಪೂರ್ತಿ ಒಪ್ಪದ ವಿದ್ವಾಂಸರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಆದರೆ ಗಿರಣಿಯ ಒಳಗೆ ದುಡಿದ ನಮಗೆ ಇದನ್ನು ನಂಬುವುದು ಕಷ್ಟವಲ್ಲ.

ಆ ಹಬೆ ಯಾರ ಕೈಯ ಆಯುಧವೆಂದು ಆಗಿನ ಕೆಲಸಗಾರರೂ ಬಲ್ಲವರಾಗಿದ್ದರು. ೧೮೪೨ರ ಆಗಸ್ಟಿನಲ್ಲಿ ಲ್ಯಾಂಕಷೈರಿನಲ್ಲಿ ಕೂಲಿ ಇಳಿಸಿದಾಗ ಗಿರಣಿಯಿಂದ ಗಿರಣಿಗೆ ಗುಂಪುಕಟ್ಟಿ ಹೋಗಿ ಬಾಯ್ಲರುಗಳ ಬಿರಟೆ ಕಿತ್ತರು. ನೀರು ಸುರಿದು ಬೆಂಕಿ ಆರಿತು, ಯಂತ್ರ ನಿಂತಿತು. ಬಿರಟೆಯ ಗಲಭೆ ಎಂದೇ ಚರಿತ್ರೆಯಲ್ಲಿ ಅದಕ್ಕೆ ಹೆಸರು.

ನಮ್ಮ ನಾಡಿನಲ್ಲಿಯೂ ಮೊದಲ ದಾರಿ ನೀರಿನದೇ. ಗೋಕಾಕದ ಗಿರಣಿ ೧೮೮೦ರ ದಶಕದಲ್ಲಿ ಘಟಪ್ರಭೆ ಧುಮುಕುವ ಬಲದಿಂದ ನಡೆಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು. ಕಲ್ಲಿದ್ದಲಿನ ವಿದ್ಯುತ್ತು ನಮಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ೧೯೮೫ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾದ ಮೇಲೆ. ನಮ್ಮ ಗಿರಣಿಯ ಚಿಮಣಿಯಲ್ಲಿ ಹೊಗೆ ಇಲ್ಲವೆಂದು ಸಂತೋಷಪಡುವವರು ಇದನ್ನು ನೆನೆಯಬೇಕು. ಹೊಗೆ ನಿಂತಿಲ್ಲ, ಊರು ಬದಲಾಯಿಸಿದೆ.

ಈಗ ಬಾಕಿಯ ಪುಸ್ತಕದ ಹೆಸರುಗಳು. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಇದುವರೆಗೆ ಗಾಳಿಗೆ ಬಿಟ್ಟ ಇಂಗಾಲಾಮ್ಲವನ್ನೆಲ್ಲ ಕೂಡಿಸಿದರೆ ಸುಮಾರು ಕಾಲುಭಾಗ ಅಮೆರಿಕ ಒಂದರದೇ. ಅಲ್ಲಿನ ಜನ ಲೋಕದ ನೂರಕ್ಕೆ ನಾಲ್ಕು ಮಂದಿ. ಬ್ರಿಟನ್ನಿನ ಜನ ನೂರಕ್ಕೆ ಒಬ್ಬರೂ ಇಲ್ಲ, ಬಾಕಿ ನೂರಕ್ಕೆ ನಾಲ್ಕಕ್ಕೂ ಮೇಲೆ. ನಮ್ಮ ಭಾರತದ ಜನ ನೂರಕ್ಕೆ ಹದಿನೇಳೆಂಟು, ಬಾಕಿ ಮೂರೋ ನಾಲ್ಕೋ. ಇಂದಿನ ಖರ್ಚನ್ನೇ ನೋಡಿದರೂ ಅಮೆರಿಕದವನು ವರ್ಷಕ್ಕೆ ತಲಾ ಸುಮಾರು ೧೪ ಟನ್ನು ಬಿಡುತ್ತಾನೆ, ನಮ್ಮವನು ಎರಡು.

ತಿಳಿಯದೆ ಮಾಡಿದರು ಎನ್ನೋಣವೆ? ಮೊದಲು ತಿಳಿಯದೆ, ಆಮೇಲೆ ತಿಳಿದೇ. ಎಕ್ಸಾನ್ ಎಂಬ ಅಮೆರಿಕದ ಎಣ್ಣೆ ಕಂಪನಿಯ ಆಡಳಿತಕ್ಕೆ ಅದರ ಸ್ವಂತ ವಿಜ್ಞಾನಿ ೧೯೭೭ರಲ್ಲೇ ಈ ವಿಷಯವನ್ನು ವಿವರಿಸಿದ್ದರು. ಮುಂದಿನ ವರ್ಷಗಳಲ್ಲಿ ಕಂಪನಿಯ ಒಳಗೆ, ಕಾವು ಎಷ್ಟು ಹೆಚ್ಚುವುದೆಂಬ ಲೆಕ್ಕಗಳೂ ತಯಾರಾದವು. ೨೦೧೫ರಲ್ಲಿ ಪತ್ರಕರ್ತರು ಆ ಕಾಗದಗಳನ್ನು ಹೊರಗೆಳೆದರು. ೨೦೨೩ರಲ್ಲಿ ವಿಜ್ಞಾನಿಗಳು ಆ ಲೆಕ್ಕಗಳನ್ನು ನಡೆದುಹೋದದ್ದರೊಡನೆ ಹೋಲಿಸಿ, ಬಹುಪಾಲು ಸರಿಯಾಗಿದ್ದವೆಂದು ಪ್ರಕಟಿಸಿದರು. ಒಳಗೆ ಇಷ್ಟು ಒಳ್ಳೆಯ ಲೆಕ್ಕ. ಹೊರಗೆ ಮಾತ್ರ, ವಿಷಯ ಇನ್ನೂ ಸಂಶಯಾಸ್ಪದವೆಂಬ ಜಾಹೀರಾತು! ಎಣ್ಣೆ, ಕಲ್ಲಿದ್ದಲು, ಮೋಟಾರು ಕಂಪನಿಗಳು ಸೇರಿ ೧೯೮೯ರಲ್ಲಿ ಕಟ್ಟಿದ ಒಂದು ಕೂಟ ೨೦೦೨ರವರೆಗೆ ಇದೇ ಕೆಲಸ ಮಾಡಿತು. ಎರಡು ಲೆಕ್ಕದ ಪುಸ್ತಕ ಇಡುವ ಸಣ್ಣ ಅಂಗಡಿಯವನು ಸಿಕ್ಕಿಬಿದ್ದರೆ ಏನಾಗುತ್ತದೆಂಬುದು ಇಲ್ಲಿರುವವರಿಗೆ ಗೊತ್ತು.

ಆದರೆ ನಮ್ಮ ಮನೆಯ ದೀಪದ ಕೆಳಗಿನ ಕತ್ತಲೆಯನ್ನೂ ನೋಡಬೇಕು. ಇಂದು ವರ್ಷದ ಲೆಕ್ಕದಲ್ಲಿ ಚೀನಾ, ಅಮೆರಿಕಗಳ ನಂತರದ ಸ್ಥಾನ ಭಾರತದ್ದು. ನಮ್ಮ ವಿದ್ಯುತ್ತಿನ ಮುಕ್ಕಾಲುಪಾಲು ಕಲ್ಲಿದ್ದಲಿನದು; ೨೦೨೪-೨೫ರಲ್ಲಿ ದೇಶ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆಯಿತು. ತಲಾ ಎರಡು ಟನ್ನೆಂಬುದು ಸರಾಸರಿ. ಮನೆಯ ಪ್ರತಿ ಕೋಣೆಗೂ ತಂಪುಯಂತ್ರ ಹಾಕಿಸಿ ನಾಲ್ಕು ಮೋಟಾರು ಇಟ್ಟವನನ್ನೂ, ಸೀಮೆಸುಣ್ಣದ ಗೋಡೆಯ ಒಂದೇ ಕೋಣೆಯಲ್ಲಿ ಆರು ಜನರೊಡನೆ ಮಲಗುವವನನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಅದು. ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯ ಅಂದಾಜಿನಂತೆ, ಲೋಕದ ಮನೆಗಳ ಪೈಕಿ ಹೆಚ್ಚು ಬಿಡುವ ಮೇಲಿನ ಹತ್ತನೆಯ ಒಂದು ಪಾಲಿನವರು ಒಟ್ಟು ಅನಿಲದಲ್ಲಿ ನೂರಕ್ಕೆ ೩೪ರಿಂದ ೪೫ರಷ್ಟನ್ನು ಬಿಡುತ್ತಾರೆ. ಬಡವನ ಬೆನ್ನ ಹಿಂದೆ ಅವಿತು ಶ್ರೀಮಂತನು “ನಮ್ಮದು ಬಡದೇಶ” ಎಂದು ಹೇಳುವುದನ್ನು ನಾವು ಒಪ್ಪಬೇಕಾಗಿಲ್ಲ.

ಖರ್ಚು ಒಬ್ಬರದು, ವಸೂಲಿ ಇನ್ನೊಬ್ಬರಿಂದ. ೨೦೨೪ರಲ್ಲಿ ಭೂಮಿಯ ಸರಾಸರಿ ಶಾಖ ಗಿರಣಿ ಯುಗದ ಹಿಂದಿನದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಾಗಿತ್ತು, ಅಳತೆ ಆರಂಭವಾದಂದಿನಿಂದ ಅದೇ ಅತ್ಯಂತ ಬಿಸಿಯ ವರ್ಷ. ಒಂದೂವರೆ ಡಿಗ್ರಿ ಏನು ಮಹಾ ಎನ್ನಬೇಡಿ. ಮೈಶಾಖ ಒಂದೂವರೆ ಡಿಗ್ರಿ ಏರಿದ ಮಗುವನ್ನು ತಾಯಿ ಕೆಲಸಕ್ಕೆ ಬಿಟ್ಟು ಹೋಗುವಳೆ? ಒಂದು ಡಿಗ್ರಿ ಕಾದ ಗಾಳಿ ನೂರಕ್ಕೆ ಏಳು ಪಾಲು ಹೆಚ್ಚು ನೀರಾವಿ ಹಿಡಿಯುತ್ತದೆ. ಹಿಡಿದದ್ದನ್ನು ಒಮ್ಮೆಗೇ ಸುರಿಯುತ್ತದೆ. ಮಧ್ಯಭಾರತದಲ್ಲಿ ವಿಸ್ತಾರವಾದ ಅತಿಮಳೆಯ ಪ್ರಸಂಗಗಳು ೧೯೫೦ರಿಂದ ೨೦೧೫ರೊಳಗೆ ಮೂರುಪಟ್ಟಾಗಿರುವುದನ್ನು ನಮ್ಮ ದೇಶದ ಹವಾಮಾನ ವಿಜ್ಞಾನಿಗಳೇ ೨೦೧೭ರಲ್ಲಿ ತೋರಿಸಿಕೊಟ್ಟರು. ೨೦೨೪ರ ಜುಲೈ ಕೊನೆಯಲ್ಲಿ ವಯನಾಡಿನ ಬೆಟ್ಟ ಕುಸಿದಾಗ ಸುರಿದ ಮಳೆ, ಈ ಕಾವಿನಿಂದಾಗಿ ನೂರಕ್ಕೆ ಹತ್ತರಷ್ಟು ಹೆಚ್ಚಾಗಿತ್ತೆಂದು ಲೆಕ್ಕ ಹಾಕಿದ್ದಾರೆ. ಬೆಟ್ಟ ಕುಸಿಯಲು ಮರ ಕಡಿದದ್ದು, ನೆಲ ಬಗೆದದ್ದು ಮೊದಲಾದ ಬೇರೆ ಕಾರಣಗಳೂ ಇರುತ್ತವೆ. ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟಿ ಸ್ಥಳೀಯ ಲೂಟಿಯನ್ನು ಮರೆಸಲು ಬಿಡಬಾರದು. ಅಲ್ಲಿ ಮಣ್ಣಿನಡಿ ಮಲಗಿದವರಲ್ಲಿ ಟೀ ತೋಟದ ಕೂಲಿಯವರಿದ್ದರು.

ಮತ್ತು ದುಡಿಮೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೨೦೧೯ರಲ್ಲಿ ಒಂದು ವರದಿ ಹೊರಡಿಸಿತು. ಸೆಕೆಯಿಂದ ದುಡಿಯಲಾಗದೆ ಕಳೆದುಹೋಗುವ ಗಂಟೆಗಳು ೨೦೩೦ರ ಹೊತ್ತಿಗೆ ಭಾರತದಲ್ಲಿ ಒಟ್ಟು ದುಡಿಮೆಯ ನೂರಕ್ಕೆ ೫.೮ ಆಗಬಹುದು, ಅದು ೩ ಕೋಟಿ ೪೦ ಲಕ್ಷ ಜನರ ಪೂರ್ಣ ಕೆಲಸಕ್ಕೆ ಸಮ ಎಂಬುದು ಅದರ ಅಂದಾಜು. ಈ ಗಂಟೆಗಳ ಕೂಲಿ ಯಾರದು? ತೂಕದ ಮೇಲೆ, ತುಂಡಿನ ಮೇಲೆ ಕೂಲಿ ಪಡೆಯುವವನು ಕುಸಿದು ಕೂತರೆ ಕೂಲಿಯೂ ಕೂರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಗಿರಾಕಿ ಬಾರದ ಬೀದಿಯಲ್ಲಿ ಹಣ್ಣು ಬಾಡುವುದನ್ನು ನೋಡುತ್ತ ಕೂತ ವ್ಯಾಪಾರಿಯ ನಷ್ಟ ಯಾವ ವರದಿಯಲ್ಲಿಯೂ ಇಲ್ಲ.

ಕಲ್ಲಿದ್ದಲು ಬಿಟ್ಟರೆ ದಾರಿಯೇನು? ದಾರಿಯುಂಟು, ಸೂರ್ಯನ ವಿದ್ಯುತ್ತು ಇಂದು ಅಗ್ಗವೂ ಆಗಿದೆ. ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ಹದಿಮೂರು ಸಾವಿರ ಎಕರೆಯಲ್ಲಿ ಗಾಜಿನ ಹಲಗೆಗಳು. ೨೦೧೯ರ ಕೊನೆಗೆ ಅದರ ಶಕ್ತಿ ೨,೦೫೦ ಮೆಗಾವಾಟ್ ಮುಟ್ಟಿತು. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಗೇಣಿಗೆ ಹಿಡಿದರು. ಬರದ ನಾಡಿನ ರೈತನಿಗೆ ಅದು ಸಣ್ಣ ಮಾತಲ್ಲ, ಮೆಚ್ಚಬೇಕಾದದ್ದೇ. ಆದರೆ ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಗೇಣಿ ಇಲ್ಲ, ಕೆಲಸವೂ ಹೋಯಿತು. ಹೊಗೆ ಇಲ್ಲದ ಯಂತ್ರಕ್ಕೂ ಒಡೆಯರಿರುತ್ತಾರೆ. ಇನ್ನು, ಕಲ್ಲಿದ್ದಲು ನಿಂತ ದಿನ ಗಣಿಯೊಳಗಿನ ಲಕ್ಷಾಂತರ ಜನ ಎಲ್ಲಿಗೆ ಹೋಗಬೇಕು? ೧೯೮೨ರ ಮುಷ್ಕರದ ಆಚೆಗೆ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಆ ಕೆಲಸಗಾರರ ಗತಿಯೇನಾಯಿತೆಂದು ನಾವು ಬಲ್ಲೆವು. ನಮ್ಮೂರಲ್ಲಿ ಬೀಗ ಬಿದ್ದ ಗೇಟುಗಳೂ ಇವೆ. ಗಣಿ ಮುಚ್ಚುವ ಮಾತು ಆಡುವವರು ಮೊದಲು ಈ ಲೆಕ್ಕ ಕೊಡಬೇಕು. ಹೊರದೇಶದವರ ಹಣದ ವಿಚಾರವೂ ಹೀಗೆಯೇ. ೨೦೦೯ರಲ್ಲಿ ಕೋಪನ್‌ಹೇಗನ್ನಿನಲ್ಲಿ, ೨೦೨೦ರಿಂದ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಬಡದೇಶಗಳಿಗೆ ಕೊಡುತ್ತೇವೆಂದರು. ಅಷ್ಟು ಕೂಡಿದ್ದು ೨೦೨೨ರಲ್ಲಿ, ಅದರಲ್ಲಿಯೂ ಹೆಚ್ಚಿನ ಪಾಲು ಸಾಲದ ರೂಪದಲ್ಲಿ. ಬಾಕಿದಾರನೇ ಸಾಲ ಕೊಟ್ಟು ಬಡ್ಡಿ ಕೇಳುವ ಈ ವ್ಯಾಪಾರ ನಮ್ಮ ಪೇಟೆಯಲ್ಲಿ ನಡೆಯಲಾರದು.

ಹೊತ್ತಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದು ಕೆಲಸ ಹೇಳಿ ಕೂರುತ್ತೇನೆ.

ನೂಲು ಹರಿಯಬಾರದೆಂದು ನಮ್ಮ ನೂಲಿನ ಖಾತೆಯಲ್ಲಿ ಗಾಳಿಗೆ ತೇವ ಹೊಡೆಯುತ್ತಾರೆ. ನೂಲಿಗೆ ತೇವ ಹಿತ, ಮನುಷ್ಯನಿಗಲ್ಲ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆ ಬರೆದವರಿಗೆ ಇದು ತಿಳಿದಿತ್ತು. ಗಾಳಿ ಮತ್ತು ಶಾಖಕ್ಕೆ ಅದರಲ್ಲಿ ೧೩ನೆಯ ಕಲಮು ಇತ್ತು, ಈ ತೇವಕ್ಕೆಂದೇ ೧೫ನೆಯ ಕಲಮು ಇತ್ತು. ಒಂದು ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಅದು ತೋರಿಸುವ ಅಂಕಿಯೇ ಮೈಗೆ ತಗಲುವ ನಿಜವಾದ ಸೆಕೆ. ಆ ಅಂಕಿ ೩೫ ಮುಟ್ಟಿದರೆ ಎಷ್ಟೇ ಗಟ್ಟಿಗನಾದರೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರ. ದುಡಿಯುವವನ ಮೈ ಅದಕ್ಕಿಂತ ಬಹಳ ಮುಂಚೆಯೇ ಸೋಲುತ್ತದೆ.

ಚಂದಾ ಕೂಡಿಸಿ ಎರಡು ಉಷ್ಣಮಾಪಕ ತರಿಸಿದ್ದೇವೆ, ಒಂದಕ್ಕೆ ಮಲ್ಲು ಬಟ್ಟೆ ಸುತ್ತಿದೆ. ಮೇಜಿನ ಮೇಲಿರುವ ಕೆಂಪು ರಟ್ಟಿನ ಪುಸ್ತಕದಲ್ಲಿ ನಾಲ್ಕು ಅಂಕಣ ಗೆರೆ ಹಾಕಿದೆ: ತಾರೀಖು, ಹೊತ್ತು, ಒಣ ಅಂಕಿ, ಒದ್ದೆ ಅಂಕಿ. ಮೊದಲ ಪಾಳಿಯವರು ಬೆಳಗ್ಗೆ ಹತ್ತಕ್ಕೆ, ಎರಡನೆಯ ಪಾಳಿಯವರು ಮೂರಕ್ಕೆ, ರಾತ್ರಿಯವರು ಒಂದಕ್ಕೆ ಬರೆಯಬೇಕು. ಬಟ್ಟೆ ಒಣಗದಂತೆ ನೋಡಿಕೊಳ್ಳಿ, ಯಾರು ತಲೆಸುತ್ತಿ ಬಿದ್ದರೂ ಅಂಚಿನಲ್ಲಿ ಗುರುತು ಹಾಕಿ. ಯುಗಾದಿಯಿಂದ ಮಳೆ ಬೀಳುವವರೆಗೆ ಒಂದು ದಿನವೂ ತಪ್ಪಬಾರದು. ಮಾಪಕಗಳನ್ನು ಒಯ್ಯುವವರು ಯಾರೆಂದು ಈಗಲೇ ಹೇಳಿ, ಗಾಜಿನ ಸಾಮಾನು, ಜೋಪಾನ.